ಐಸಿಯು ರಿಪೋರ್ಟಿನ ಅಂಕಿಗಳು: ನಂಜಿನ ರಕ್ತಪರೀಕ್ಷೆಗಳ ಕುರಿತು ಓದುಗರ ಪ್ರಶ್ನೆಗಳು

ಇಲಿ ಜ್ವರದ ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಕೊಡಗಿನ ಬೇರೆ ಬೇರೆ ಊರುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ, ಅಂದರೆ ಸೆಪ್ಸಿಸ್ ಎಂಬ ನಂಜಿನಲ್ಲಿ ಮಾಡುವ ರಕ್ತಪರೀಕ್ಷೆಗಳ ಸುತ್ತ ಇವೆ. ಮನೆಯವರೊಬ್ಬರು ಮಡಿಕೇರಿಯಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ತೀವ್ರ ನಿಗಾ ಘಟಕದಲ್ಲಿರುವಾಗ ಹೊರಗೆ ಬೆಂಚಿನ ಮೇಲೆ ಕುಳಿತವರ ಕೈಗೆ ಒಂದು ರಿಪೋರ್ಟು ಬರುತ್ತದೆ. ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಒಂದು ಅಂಕಿ ಕೆಲವರಲ್ಲಿ ವಿಪರೀತ ಭಯವನ್ನೂ ಕೆಲವರಲ್ಲಿ ಆಧಾರವಿಲ್ಲದ ಧೈರ್ಯವನ್ನೂ ಹುಟ್ಟಿಸುತ್ತದೆ. ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೆ ಮೀಸಲಿಟ್ಟಿದ್ದೇನೆ. ರೋಗಿಗಳ ಗುರುತು ಸಿಗದಂತೆ ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನನ್ನ ತಂದೆಯವರಿಗೆ ಎಪ್ಪತ್ತು ದಾಟಿದೆ. ಮೂತ್ರದ ಸೋಂಕಿನಿಂದ ಸೆಪ್ಸಿಸ್ ಆಗಿದೆ ಎಂದು ಮೈಸೂರಿನ ಆಸ್ಪತ್ರೆಯ ಐಸಿಯುವಿಗೆ ಸೇರಿಸಿದರು. ಪ್ರೊಕ್ಯಾಲ್ಸಿಟೋನಿನ್ ಎಂಬ ಪರೀಕ್ಷೆಯಲ್ಲಿ ಮೊದಲ ದಿನ 38, ಮರುದಿನ 24, ಮೂರನೆಯ ದಿನ 27 ಬಂತು. ಆಗ ಮತ್ತೆ ಸ್ಕ್ಯಾನ್ ಮಾಡಿ, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ ಎಂದು ಸ್ಟೆಂಟ್ ಹಾಕಿದರು. ಈಗ 9 ಇದೆ. ರಿಪೋರ್ಟಿನಲ್ಲಿ 0.5ಕ್ಕಿಂತ ಕಡಿಮೆ ಇರಬೇಕು ಎಂದಿದೆ. ಅಂದರೆ ತಂದೆಯವರು ಇನ್ನೂ ಹದಿನೆಂಟು ಪಟ್ಟು ಅಪಾಯದಲ್ಲಿದ್ದಾರೆಯೆ? (ವಿರಾಜಪೇಟೆ)

ಉತ್ತರ: ಇಲ್ಲ, ಈ ಅಂಕಿಯನ್ನು ಹಾಗೆ ಭಾಗಿಸಿ ಓದಲು ಬರುವುದಿಲ್ಲ. ಪ್ರೊಕ್ಯಾಲ್ಸಿಟೋನಿನ್ ಎಂಬುದು 116 ಅಮೈನೋ ಆಮ್ಲಗಳ ಒಂದು ಪ್ರೋಟೀನು. ಆರೋಗ್ಯವಂತರಲ್ಲಿ ಇದು ಮುಖ್ಯವಾಗಿ ಥೈರಾಯ್ಡ್ ಗ್ರಂಥಿಯ ಕೆಲವು ಕೋಶಗಳಲ್ಲಿ ತಯಾರಾಗಿ, ಅಲ್ಲಿಯೇ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಾಗಿ ಬದಲಾಗುವುದರಿಂದ ರಕ್ತದಲ್ಲಿ ಸಿಗುವುದು ಲೆಕ್ಕಕ್ಕೆ ಬಾರದಷ್ಟು, ಅಂದರೆ ಮಿಲಿಲೀಟರಿಗೆ 0.1 ನ್ಯಾನೊಗ್ರಾಮಿಗಿಂತ ಕಡಿಮೆ. ಬ್ಯಾಕ್ಟೀರಿಯಾದ ಸೋಂಕು ದೇಹವನ್ನೆಲ್ಲ ಕೆಣಕಿದಾಗ ಮಾತ್ರ ಯಕೃತ್ತು, ಶ್ವಾಸಕೋಶ, ಕೊಬ್ಬಿನ ಅಂಗಾಂಶ ಮುಂತಾದ ಅನೇಕ ಕಡೆಗಳಲ್ಲಿ ಇದರ ಉತ್ಪಾದನೆ ಶುರುವಾಗಿ, ನೂರಾರು ಪಟ್ಟು ಏರುವುದುಂಟು. ಕೆಣಕುವಿಕೆ ನಿಂತ ಮೇಲೆ ಸುಮಾರು 24 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುವುದು ಇದರ ಸಹಜ ಗುಣ. ಮೂತ್ರಪಿಂಡ ಸೋತಿದ್ದರೆ ಇಳಿತ ಇನ್ನೂ ನಿಧಾನ.

ದಿನಕ್ಕೆ ಅರ್ಧಕ್ಕಿಳಿಯುವ ಈ ಮಾತನ್ನು ಹಿಡಿದುಕೊಂಡು ತಮ್ಮ ತಂದೆಯವರ ಅಂಕಿಗಳನ್ನು ಮತ್ತೊಮ್ಮೆ ನೋಡೋಣ. ಔಷಧ ಸರಿಯಾಗಿ ನಾಟಿ ಸೋಂಕಿನ ಮೂಲವೂ ಅಡಗಿದ್ದರೆ 38 ಇದ್ದದ್ದು ಮರುದಿನ 19ರ ಆಸುಪಾಸಿಗೆ, ಮೂರನೆಯ ದಿನ 10ರ ಹತ್ತಿರಕ್ಕೆ ಬರಬೇಕಿತ್ತು. 24ಕ್ಕೆ ಇಳಿದು ಮತ್ತೆ 27ಕ್ಕೆ ಏರಿತೆಂದರೆ, ಆ್ಯಂಟಿಬಯೋಟಿಕ್ ತಲುಪಲಾಗದ ಯಾವುದೋ ಎಡೆಯಲ್ಲಿ ಸೋಂಕು ಇನ್ನೂ ಮುಂದುವರಿದಿರಬಹುದೆಂಬ ಸಂಶಯ ಹುಟ್ಟಬೇಕು. ಅಲ್ಲಿಯ ವೈದ್ಯರಿಗೆ ಅದು ಹುಟ್ಟಿದೆ, ಸ್ಕ್ಯಾನ್ ಮಾಡಿದ್ದಾರೆ, ಕಲ್ಲಿನ ಹಿಂದೆ ಕಟ್ಟಿ ನಿಂತಿದ್ದ ಸೋಂಕುಳ್ಳ ಮೂತ್ರಕ್ಕೆ ಸ್ಟೆಂಟ್ ಮೂಲಕ ದಾರಿ ಮಾಡಿಕೊಟ್ಟಿದ್ದಾರೆ. ಆ ಬಳಿಕ ಬಂದ 9 ಎಂಬ ಅಂಕಿ, 0.5ಕ್ಕೆ ಹೋಲಿಸಿದರೆ ಹೆಚ್ಚು, 27ಕ್ಕೆ ಹೋಲಿಸಿದರೆ ಬಹಳ ಒಳ್ಳೆಯ ಸುದ್ದಿ. ನಮ್ಮ ಕಡೆಯ ಕಾಫಿ ಬೆಳೆಗಾರರು ಪ್ರತಿದಿನ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು ಮತ್ತು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆದಿಡುತ್ತಾರಲ್ಲ, ಅದರಲ್ಲಿ ಯಾವುದೋ ಒಂದು ದಿನದ ಸಾಲನ್ನು ಹರಿದು ತಂದರೆ ತೋಟದ ಸ್ಥಿತಿ ತಿಳಿಯುವುದಿಲ್ಲ, ಹಿಂದಿನ ವಾರದ ಸಾಲುಗಳೂ ಬೇಕಾಗುತ್ತವೆ. ಈ ಪರೀಕ್ಷೆಯನ್ನೂ ಹಾಗೆಯೇ ಓದಬೇಕು.

ಜೊತೆಗೆ ಇನ್ನೊಂದು ಮಾತು. ತಮ್ಮ ಪತ್ರದಲ್ಲಿ ಪ್ರೊಕ್ಯಾಲ್ಸಿಟೋನಿನ್ ಬಿಟ್ಟು ಬೇರೆ ಯಾವ ಅಂಕಿಯೂ ಇಲ್ಲ. ವಾಸ್ತವವಾಗಿ ಸೆಪ್ಸಿಸ್ ಎಂದರೇನು ಎಂದು 2016ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿ ಬರೆದ ವ್ಯಾಖ್ಯೆಯಲ್ಲಿ ಪ್ರೊಕ್ಯಾಲ್ಸಿಟೋನಿನ್ನಿನ ಹೆಸರೇ ಬರುವುದಿಲ್ಲ. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ, ಅದರಿಂದ ಅಂಗಾಂಗಗಳು ಜೀವಕ್ಕೆ ಅಪಾಯವಾಗುವ ಮಟ್ಟಿಗೆ ಸೋಲುವುದೇ ಸೆಪ್ಸಿಸ್. ಆ ಸೋಲನ್ನು ಅಳೆಯಲು ಸೋಫಾ ಎಂಬ ಅಂಕಪಟ್ಟಿ ಇದೆ. ಶ್ವಾಸಕೋಶ ರಕ್ತಕ್ಕೆ ಎಷ್ಟು ಆಮ್ಲಜನಕ ಕೊಡುತ್ತಿದೆ, ಪ್ಲೇಟ್‌ಲೆಟ್ ಎಷ್ಟಿದೆ, ಯಕೃತ್ತಿನ ಸ್ಥಿತಿ ತಿಳಿಸುವ ಬಿಲಿರುಬಿನ್ ಎಷ್ಟಿದೆ, ರಕ್ತದೊತ್ತಡ ಔಷಧದ ಆಸರೆಯಿಲ್ಲದೆ ನಿಲ್ಲುತ್ತಿದೆಯೆ, ಪ್ರಜ್ಞೆ ಹೇಗಿದೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರಮಾಣ ಎಷ್ಟು ಎಂಬ ಆರು ಸಂಗತಿಗಳಿಗೆ ತಲಾ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಸೋಂಕಿರುವವರಲ್ಲಿ ಈ ಅಂಕ ಮೊದಲಿಗಿಂತ 2 ಅಥವಾ ಹೆಚ್ಚು ಏರಿದರೆ ಸೆಪ್ಸಿಸ್ ಎನ್ನುತ್ತಾರೆ. ಪ್ಲೇಟ್‌ಲೆಟ್, ಬಿಲಿರುಬಿನ್, ಕ್ರಿಯಾಟಿನಿನ್ ಎಂಬ ಈ ಮಾಮೂಲು ಪರೀಕ್ಷೆಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿಯೂ ಆಗುತ್ತವೆ, ಖರ್ಚೂ ಕಡಿಮೆ. ಹೊಸ ಹೆಸರಿನ ದುಬಾರಿ ಪರೀಕ್ಷೆಗೆ ಮನೆಯವರು ಕೊಡುವ ಗೌರವದಲ್ಲಿ ಕಾಲು ಪಾಲನ್ನಾದರೂ ಇವುಗಳಿಗೆ ಕೊಡಬೇಕೆಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಮುಂದಿನ ಸಲ ಡಾಕ್ಟರರನ್ನು ಭೇಟಿಯಾದಾಗ "ಇವತ್ತು ಬಿಪಿ ಔಷಧ ಎಷ್ಟು ಕಡಿಮೆಯಾಯಿತು, ಮೂತ್ರ ಎಷ್ಟು ಬಂತು" ಎಂದು ಕೇಳಿ ನೋಡಿ. ತಂದೆಯವರ ಸ್ಥಿತಿ 9 ಎಂಬ ಅಂಕಿಗಿಂತ ಚೆನ್ನಾಗಿ ಆ ಉತ್ತರದಲ್ಲಿ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೀವಾಗಿ, ಬೆಳಿಗ್ಗೆ ಚಳಿಜ್ವರ ಬಂದು, ಮಧ್ಯಾಹ್ನದ ಹೊತ್ತಿಗೆ ಬಿಪಿ ಇಳಿಯಿತು. ಆಸ್ಪತ್ರೆಯಲ್ಲಿ ಪ್ರೊಕ್ಯಾಲ್ಸಿಟೋನಿನ್ 0.3 ಎಂದು ಬಂದರೂ ಸೆಪ್ಸಿಸ್ ಎಂದು ಐಸಿಯುವಿಗೆ ಹಾಕಿ ದೊಡ್ಡ ಆ್ಯಂಟಿಬಯೋಟಿಕ್ ಕೊಟ್ಟರು. ರಿಪೋರ್ಟು ನಾರ್ಮಲ್ ಇರುವಾಗ ಇದೆಲ್ಲ ಬೇಕಿತ್ತೆ ಎಂದು ಮನೆಯಲ್ಲಿ ಚರ್ಚೆಯಾಗುತ್ತಿದೆ. (ಗೋಣಿಕೊಪ್ಪ)

ಉತ್ತರ: ಬೇಕಿತ್ತು. ಮನೆಯ ಚರ್ಚೆಯನ್ನು ಇಲ್ಲಿಗೆ ನಿಲ್ಲಿಸಬಹುದು. ದೇಹದಲ್ಲಿ ಕೆಣಕುವಿಕೆ ಆರಂಭವಾದ ಬಳಿಕ ಪ್ರೊಕ್ಯಾಲ್ಸಿಟೋನಿನ್ ರಕ್ತದಲ್ಲಿ ಕಾಣಿಸಿಕೊಳ್ಳಲು ಎರಡರಿಂದ ನಾಲ್ಕು ಗಂಟೆ, ಶಿಖರ ಮುಟ್ಟಲು ಆರರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಚಳಿ ಹಿಡಿದವರ ರಕ್ತವನ್ನು ಮಧ್ಯಾಹ್ನ ತೆಗೆದರೆ ಏರಿಕೆ ಇನ್ನೂ ಆರಂಭದಲ್ಲಿಯೇ ಇರಬಹುದು. ಇದಲ್ಲದೆ ಸೋಂಕು ಒಂದು ಜಾಗದಲ್ಲಿ ಗೂಡು ಕಟ್ಟಿಕೊಂಡಿದ್ದಾಗ, ಉದಾಹರಣೆಗೆ ಕೀವಿನ ಗಂಟು ಅಥವಾ ಮೂಳೆಯ ಸೋಂಕಿನಲ್ಲಿ, ಈ ಅಂಕಿ ಅಷ್ಟಾಗಿ ಏರದೆಯೂ ಇರುತ್ತದೆ.

ಸೆಪ್ಸಿಸ್ ಚಿಕಿತ್ಸೆಗೆ ಜಗತ್ತಿನಾದ್ಯಂತ ಅನುಸರಿಸುವ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಎಂಬ ಮಾರ್ಗಸೂಚಿಯ 2021ರ ಆವೃತ್ತಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆ್ಯಂಟಿಬಯೋಟಿಕ್ ಶುರು ಮಾಡಬೇಕೆ ಬೇಡವೆ ಎಂಬ ತೀರ್ಮಾನಕ್ಕೆ ಪ್ರೊಕ್ಯಾಲ್ಸಿಟೋನಿನ್ನನ್ನು ಆಧರಿಸದೆ ರೋಗಿಯ ಸ್ಥಿತಿಯನ್ನು ನೋಡಿಯೇ ನಿರ್ಧರಿಸುವುದು ಸರಿ ಎಂಬುದು ಅದರ ಸಲಹೆ. ರಕ್ತದೊತ್ತಡ ಕುಸಿದಿದ್ದರೆ, ಇಲ್ಲವೆ ಸೆಪ್ಸಿಸ್ ಆಗಿರುವ ಸಾಧ್ಯತೆ ಬಲವಾಗಿದ್ದರೆ, ಗುರುತಿಸಿದ ಒಂದು ಗಂಟೆಯೊಳಗೆ ಮೊದಲ ಡೋಸು ಹೋಗಬೇಕು. ಬಿಪಿ ನಿಂತಿದ್ದು, ಸೋಂಕೋ ಅಲ್ಲವೋ ಎಂಬ ಅನುಮಾನವಷ್ಟೇ ಇದ್ದರೆ ಬೇಗಬೇಗನೆ ತಪಾಸಣೆ ಮುಗಿಸಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ ಕೊಡಬೇಕು. ತಮ್ಮ ಅತ್ತೆಯವರು ಮೊದಲನೆಯ ಗುಂಪಿಗೆ ಸೇರಿದವರು. ಕೀವು ತುಂಬಿದ ಕಾಲು ಕಣ್ಣೆದುರಿಗಿದೆ, ಬಿಪಿ ಇಳಿದಿದೆ; ಅಂಥ ಹೊತ್ತಿನಲ್ಲಿ 0.3 ಎಂಬ ಅಂಕಿಯನ್ನು ನಂಬಿ ಕಾದು ಕುಳಿತಿದ್ದರೆ ನಾನು ಬೇರೆಯದೇ ಉತ್ತರ ಬರೆಯಬೇಕಾಗುತ್ತಿತ್ತು.

ಅವರಿಗೆ ಲ್ಯಾಕ್ಟೇಟ್ ಪರೀಕ್ಷೆಯನ್ನೂ ಮಾಡಿರುತ್ತಾರೆ. ಇದು ಯಾವ ರೋಗಾಣು ಎಂಬುದನ್ನಾಗಲಿ, ಸೋಂಕು ಇದೆಯೆಂಬುದನ್ನಾಗಲಿ ಹೇಳುವುದಿಲ್ಲ. ದೇಹದ ಕೋಶಗಳು ಎಷ್ಟು ಸಂಕಟದಲ್ಲಿವೆ ಎಂಬುದರ ಸೂಚನೆ ಕೊಡುತ್ತದೆ. ಸಾಕಷ್ಟು ದ್ರವ ಕೊಟ್ಟ ಮೇಲೂ ಬಿಪಿಯನ್ನು ಔಷಧದಿಂದಲೇ ಎತ್ತಿ ಹಿಡಿಯಬೇಕಾಗಿ, ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲಿಗಿಂತ ಹೆಚ್ಚಿದ್ದರೆ ಅದನ್ನು ಸೆಪ್ಟಿಕ್ ಶಾಕ್ ಎಂದು ಕರೆಯುತ್ತಾರೆ. ಲ್ಯಾಕ್ಟೇಟ್ ಅಳೆಯುವ ಯಂತ್ರವಿಲ್ಲದ ಕಡೆ ಕೈಬೆರಳೇ ಸ್ವಲ್ಪ ಮಟ್ಟಿಗೆ ಆ ಕೆಲಸ ಮಾಡುತ್ತದೆ: ರೋಗಿಯ ಬೆರಳ ತುದಿಯನ್ನು ಬಿಳಿಚಿಕೊಳ್ಳುವವರೆಗೆ ಹತ್ತು ಸೆಕೆಂಡು ಗಟ್ಟಿಯಾಗಿ ಒತ್ತಿ ಬಿಟ್ಟಾಗ ಕೆಂಪು ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ಸಂಚಾರ ಸೋತಿದೆಯೆಂದು ಅರ್ಥ. 2019ರಲ್ಲಿ ಪ್ರಕಟವಾದ ಆ್ಯಂಡ್ರೋಮೆಡಾ-ಶಾಕ್ ಎಂಬ ಅಧ್ಯಯನದಲ್ಲಿ ಈ ಬೆರಳೊತ್ತುವ ವಿಧಾನವನ್ನು ಅನುಸರಿಸಿ ಚಿಕಿತ್ಸೆ ಪಡೆದವರು, ಲ್ಯಾಕ್ಟೇಟ್ ಅನುಸರಿಸಿ ಚಿಕಿತ್ಸೆ ಪಡೆದವರಿಗಿಂತ ಹಿಂದೆ ಬೀಳಲಿಲ್ಲ.

ಪ್ರಶ್ನೆ: ನಾನು ಶುಶ್ರೂಷಕಿ. ನಮ್ಮಲ್ಲಿ ಸಿಆರ್‌ಪಿ ಮಾಡುತ್ತಾರೆ, ಪ್ರೊಕ್ಯಾಲ್ಸಿಟೋನಿನ್‌ಗೆ ಹೊರಗೆ ಕಳುಹಿಸಬೇಕು. ಎರಡರಲ್ಲಿ ಯಾವುದು ಮೇಲು? (ಸೋಮವಾರಪೇಟೆ)

ಉತ್ತರ: ಸಿಆರ್‌ಪಿ, ಅಂದರೆ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿ-ರಿಯಾಕ್ಟಿವ್ ಪ್ರೋಟೀನನ್ನು ಅಳೆಯುವುದು, ಹಳೆಯ ಪರೀಕ್ಷೆ. 1930ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ತಲುಪಿದಾಗ ಯಕೃತ್ತು ಇದನ್ನು ತಯಾರಿಸುತ್ತದೆ. ಆ ಸಂದೇಶ ಹೊರಡಲು ಬ್ಯಾಕ್ಟೀರಿಯಾವೇ ಬೇಕೆಂದಿಲ್ಲ, ಕೀಲುವಾತ, ಸುಟ್ಟಗಾಯ, ಮೇದೋಜೀರಕ ಗ್ರಂಥಿಯ ಉರಿಯೂತ, ಯಾವುದಾದರೂ ಸಾಕು. ಪ್ರೊಕ್ಯಾಲ್ಸಿಟೋನಿನ್ ಸೋಂಕಿನ ಗುರುತೆಂದು ಹೆಸರು ಮಾಡಿದ್ದು 1993ರಲ್ಲಿ ಫ್ರಾನ್ಸಿನ ವೈದ್ಯರು ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ. ವೈರಸ್ ಸೋಂಕಿನಲ್ಲಿ ಬಿಡುಗಡೆಯಾಗುವ ಇಂಟರ್‌ಫೆರಾನ್-ಗಾಮಾ ಇದರ ಉತ್ಪಾದನೆಯನ್ನು ತಡೆಯುವುದರಿಂದ, ಬ್ಯಾಕ್ಟೀರಿಯಾವೋ ವೈರಸ್ಸೋ ಎಂಬ ಗೊಂದಲದಲ್ಲಿ ಇದಕ್ಕೆ ಸಿಆರ್‌ಪಿಗಿಂತ ಸ್ವಲ್ಪ ಹೆಚ್ಚಿನ ಬಲವಿದೆ. ಸಿಆರ್‌ಪಿ ನಿಧಾನವಾಗಿ ಏರಿ ಎರಡನೆಯ ದಿನದ ಹೊತ್ತಿಗೆ ಶಿಖರ ಮುಟ್ಟುತ್ತದೆ, ಯಕೃತ್ತು ತೀರಾ ಹಾಳಾದವರಲ್ಲಿ ಏರಬೇಕಾದಷ್ಟು ಏರುವುದೂ ಇಲ್ಲ.

ಹಾಗೆಂದು ತಮ್ಮಲ್ಲಿ ಇರುವ ಪರೀಕ್ಷೆಯನ್ನು ಕೀಳೆಂದು ತಿಳಿಯಬೇಕಾಗಿಲ್ಲ. ಸಂಜೆ ಹೊರಗೆ ಕಳುಹಿಸಿ ಮರುದಿನ ಮಧ್ಯಾಹ್ನ ಕೈಸೇರುವ ಪ್ರೊಕ್ಯಾಲ್ಸಿಟೋನಿನ್ನಿಗಿಂತ ಒಂದು ಗಂಟೆಯಲ್ಲಿ ಸಿಗುವ ಸಿಆರ್‌ಪಿ, ಬಿಳಿರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್ ಹೆಚ್ಚು ಉಪಯೋಗಿ. ತಮ್ಮ ಕೈಯಲ್ಲಿಯೇ ಇರುವ ಇನ್ನೊಂದು ಕೆಲಸದ ಬೆಲೆ ಇವೆಲ್ಲಕ್ಕಿಂತ ದೊಡ್ಡದು: ಮೊದಲ ಆ್ಯಂಟಿಬಯೋಟಿಕ್‌ಗೆ ಮುಂಚೆ, ಅದನ್ನು ತಡಮಾಡದೆ, ಎರಡು ಬೇರೆ ಜಾಗಗಳಿಂದ ಬ್ಲಡ್ ಕಲ್ಚರ್‌ಗೆ, ಅಂದರೆ ಬಾಟಲಿಯಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ರಕ್ತ ತೆಗೆಯುವುದು. ವಯಸ್ಕರಲ್ಲಿ ಪ್ರತಿ ಬಾಟಲಿಗೂ ಎಂಟರಿಂದ ಹತ್ತು ಮಿಲಿಲೀಟರ್ ರಕ್ತ ಬೇಕು. ನರ ಸಿಗಲಿಲ್ಲವೆಂದು ಎರಡು ಮಿಲಿಲೀಟರ್ ಹಾಕಿ ಕಳುಹಿಸಿದ ಬಾಟಲಿಯಲ್ಲಿ ಏನೂ ಬೆಳೆಯದಿದ್ದರೆ ಆಶ್ಚರ್ಯವಿಲ್ಲ. ಬಾಟಲಿಯ ಮುಚ್ಚಳದ ರಬ್ಬರನ್ನೂ ರೋಗಿಯ ಚರ್ಮವನ್ನೂ ಸ್ಪಿರಿಟ್‌ನಿಂದ ಒರೆಸಿ ಅದು ಒಣಗುವವರೆಗೆ ಕಾಯುವ ಅರ್ಧ ನಿಮಿಷವನ್ನು ರಾತ್ರಿ ಪಾಳಿಯ ಅವಸರದಲ್ಲಿಯೂ ಉಳಿಸಿಕೊಳ್ಳಬೇಕು. ಇಲ್ಲವಾದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾವೇ ಬಾಟಲಿಯಲ್ಲಿ ಬೆಳೆದು ಎಲ್ಲರನ್ನೂ ದಾರಿ ತಪ್ಪಿಸುತ್ತದೆ.

ಪ್ರಶ್ನೆ: ನಮ್ಮ ತೋಟದ ಲೈನ್ ಮನೆಯ ಕಾರ್ಮಿಕರೊಬ್ಬರು ಆಗಸ್ಟಿನಲ್ಲಿ ಜ್ವರ, ಮೈಕೈ ನೋವು, ಕಾಮಾಲೆಯಿಂದ ಐಸಿಯು ಸೇರಿದರು. ಪ್ರೊಕ್ಯಾಲ್ಸಿಟೋನಿನ್ 40ಕ್ಕೂ ಮೇಲೆ ಇತ್ತು, ಆದರೆ ಐದು ದಿನ ಕಾದರೂ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಕೊನೆಗೆ ಇಲಿ ಜ್ವರ ಎಂದರು. ಇಷ್ಟು ದೊಡ್ಡ ಅಂಕಿ ಬಂದಿದ್ದರೂ ರೋಗಾಣು ಸಿಗದೆ ಹೋದದ್ದು ಹೇಗೆ? (ನಾಪೋಕ್ಲು)

ಉತ್ತರ: ಕೊಡಗಿನ ಓದುಗರು ತಿಳಿದಿರಲೇಬೇಕಾದ ವಿಷಯವನ್ನು ಕೇಳಿದ್ದೀರಿ. ಪ್ರೊಕ್ಯಾಲ್ಸಿಟೋನಿನ್ ದೇಹದ ಪ್ರತಿಕ್ರಿಯೆಯನ್ನು ಅಳೆಯುವ ಪರೀಕ್ಷೆ, ಅದಕ್ಕೆ ರೋಗಾಣುವಿನ ಹೆಸರು ಗೊತ್ತಿಲ್ಲ. ಕಲ್ಚರ್ ರೋಗಾಣುವನ್ನು ಹುಡುಕುವ ಪರೀಕ್ಷೆ, ಆದರೆ ಆ ಬಾಟಲಿಯಲ್ಲಿ ಬೆಳೆಯಬಲ್ಲವು ಮಾತ್ರ ಅದಕ್ಕೆ ಸಿಗುತ್ತವೆ. ಇಲಿ ಜ್ವರದ ಲೆಪ್ಟೊಸ್ಪೈರಾ ಸಾಮಾನ್ಯ ಬಾಟಲಿಯಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಪ್ರತ್ಯೇಕ ಪೋಷಕ ದ್ರವವೂ ವಾರಗಟ್ಟಲೆ ಸಮಯವೂ ಬೇಕು. ಸಣ್ಣ ಹುಳದ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂಬ ಜ್ವರವನ್ನು ಉಂಟುಮಾಡುವ ಓರಿಯೆಂಶಿಯಾ ಎಂಬ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಮಾತ್ರ ಬದುಕುವಂಥದ್ದಾದ್ದರಿಂದ ಬಾಟಲಿಯಲ್ಲಿ ಎಂದೂ ಸಿಗದು. ಎರಡೂ ರೋಗಗಳು ತೀವ್ರವಾದಾಗ ಕಾಮಾಲೆ, ಮೂತ್ರಪಿಂಡದ ಸೋಲು, ಶ್ವಾಸಕೋಶದ ತೊಂದರೆ, ಪ್ಲೇಟ್‌ಲೆಟ್ ಇಳಿತ ಇವೆಲ್ಲ ಒಟ್ಟಿಗೆ ಬಂದು, ಯಾವುದೇ ಸೆಪ್ಸಿಸ್‌ನಂತೆ ಕಾಣುತ್ತವೆ, ಪ್ರೊಕ್ಯಾಲ್ಸಿಟೋನಿನ್ನೂ ಏರಿರುತ್ತದೆ.

ಇಲ್ಲಿ ಅಂಕಿಗಿಂತ ಬೆಲೆಬಾಳುವುದು ರೋಗಿಯ ಕೆಲಸದ ವಿವರ. ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಾಟಿ ಮಾಡಿದವರೆ, ಚರಂಡಿ ಬಿಡಿಸಿದವರೆ, ಜಿಗಣೆ ಕಚ್ಚಿದ ಗಾಯ ಕೆರೆದುಕೊಂಡ ಕಾಲಿನಲ್ಲಿಯೇ ನೀರಿಗಿಳಿದವರೆ, ಪೊದೆ ಕಡಿಯುವಾಗ ನೆಲದ ಮೇಲೆ ಕುಳಿತು ಊಟ ಮಾಡಿದವರೆ ಎಂಬುದನ್ನು ಯಾವ ಯಂತ್ರವೂ ಬರೆದುಕೊಡುವುದಿಲ್ಲ. ಮೈಸೂರಿನ ದೊಡ್ಡ ಆಸ್ಪತ್ರೆಯ ಕಿರಿಯ ವೈದ್ಯರಿಗೆ ಇದು ತಾನಾಗಿ ಹೊಳೆಯಬೇಕೆಂದೇನೂ ಇಲ್ಲ; ಜೊತೆಗೆ ಹೋದವರು ಹೇಳಬೇಕು, ಕೇಳದಿದ್ದರೂ ಹೇಳಬೇಕು. ಸ್ಕ್ರಬ್ ಟೈಫಸ್‌ನಲ್ಲಿ ಹುಳದ ಮರಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ, ನೋವಿಲ್ಲದ ಕಪ್ಪು ಹಕ್ಕಳೆ ಇರಬಹುದು. ಅದು ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟಕ್ಕೆ ಬಟ್ಟೆ ಬಿಗಿದ ಜಾಗ ಇಂಥ ಮರೆಯ ಎಡೆಗಳಲ್ಲಿ ಇರುವುದರಿಂದ ಬಟ್ಟೆ ಸರಿಸಿ ಹುಡುಕದಿದ್ದರೆ ಕಾಣದು. ಹಾಸಿಗೆಯ ಪಕ್ಕದಲ್ಲಿ ಟಾರ್ಚು ಹಿಡಿದು ಹುಡುಕುವ ಎರಡು ನಿಮಿಷ ಇಡೀ ಚಿಕಿತ್ಸೆಯ ದಿಕ್ಕನ್ನು ಬದಲಿಸಿದ ಉದಾಹರಣೆಗಳು ಐಸಿಯುಗಳಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು.

ದಿಕ್ಕು ಬದಲಾಗುವುದು ಔಷಧದ ವಿಷಯದಲ್ಲಿ. ಸೆಪ್ಸಿಸ್ ಎಂದಕೂಡಲೇ ಕೊಡುವ ಬಲವಾದ ಪೆನಿಸಿಲಿನ್ ಜಾತಿಯ ಔಷಧಗಳಾಗಲಿ, ಮೆರೊಪೆನೆಮ್ ಆಗಲಿ ಸ್ಕ್ರಬ್ ಟೈಫಸ್‌ಗೆ ನಾಟುವುದಿಲ್ಲ. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್. ತೀವ್ರ ಸ್ಕ್ರಬ್ ಟೈಫಸ್ ರೋಗಿಗಳ ಮೇಲೆ ಭಾರತದಲ್ಲಿಯೇ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಇವೆರಡನ್ನೂ ಒಟ್ಟಿಗೆ ಕೊಟ್ಟಾಗ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಉತ್ತಮ ಫಲ ಸಿಕ್ಕಿತು. ಆದ್ದರಿಂದ ಮಳೆಗಾಲದಲ್ಲಿಯೂ ಅದರ ಬೆನ್ನಿಗೇ ಬರುವ ತಿಂಗಳುಗಳಲ್ಲಿಯೂ ನಮ್ಮ ಭಾಗದಿಂದ ಬರುವ, ಕಾರಣ ತಿಳಿಯದ ಸೆಪ್ಸಿಸ್ ರೋಗಿಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಡಾಕ್ಸಿಸೈಕ್ಲಿನ್ ಸೇರಿಸುವುದು ವಿವೇಕದ ನಡೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಇಲಿ ಜ್ವರಕ್ಕೂ ಕೆಲಸ ಮಾಡುತ್ತದೆ. ರೋಗಾಣುವಿನ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಎರಡೂ ರೋಗಗಳಲ್ಲಿ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದೆಂಬುದನ್ನೂ ನೆನಪಿಡಬೇಕು.

ಪ್ರಶ್ನೆ: ಅಮ್ಮನ ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಮರುದಿನ ಪ್ರೊಕ್ಯಾಲ್ಸಿಟೋನಿನ್ 3.8. ಜ್ವರವಿಲ್ಲ, ಮಾತಾಡುತ್ತಾರೆ, ಊಟ ಮಾಡುತ್ತಾರೆ. ಒಳಗೆ ನಂಜಾಗಿದೆಯೆ? (ಮಡಿಕೇರಿ)

ಉತ್ತರ: ದೊಡ್ಡ ಶಸ್ತ್ರಚಿಕಿತ್ಸೆ, ಅಪಘಾತ, ಸುಟ್ಟಗಾಯ, ಹೃದಯ ನಿಂತು ಮತ್ತೆ ಚಾಲನೆಗೊಂಡದ್ದು ಇವೆಲ್ಲವುಗಳಲ್ಲಿ ಸೋಂಕಿಲ್ಲದೆಯೂ ಮೊದಲ ಒಂದೆರಡು ದಿನ ಇದು ಏರುತ್ತದೆ, ತೀವ್ರ ಮಲೇರಿಯಾದಲ್ಲಿ ಮತ್ತು ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರಿನಲ್ಲಿಯೂ ಏರುವುದುಂಟು, ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸದಾ ಸ್ವಲ್ಪ ಮೇಲಿರುತ್ತದೆ. ತಾಯಿಯವರು ಊಟ ಮಾಡುತ್ತಿದ್ದರೆ, ಗಾಯ ಒಣಗಿದ್ದರೆ, ಎರಡು ದಿನ ಬಿಟ್ಟು ನೋಡಿದಾಗ ಅಂಕಿ ಇಳಿದಿದ್ದರೆ ಗಾಬರಿಯಿಲ್ಲ. ಮರುಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ ಮಾಡಿಸಿ. ಬೇರೆ ಬೇರೆ ಕಂಪನಿಗಳ ಕಿಟ್‌ಗಳು ಕೊಡುವ ಅಂಕಿಗಳು ಒಂದಕ್ಕೊಂದು ತಾಳೆಯಾಗದಿರಬಹುದು.

ಪ್ರಶ್ನೆ: ಪತ್ನಿಗೆ ನ್ಯುಮೋನಿಯಾ ಆಗಿ ಸೆಪ್ಸಿಸ್ ಆಗಿತ್ತು. ಪ್ರೊಕ್ಯಾಲ್ಸಿಟೋನಿನ್ 12ರಿಂದ 0.9ಕ್ಕೆ ಇಳಿಯಿತೆಂದು ಏಳನೆಯ ದಿನವೇ ಆ್ಯಂಟಿಬಯೋಟಿಕ್ ನಿಲ್ಲಿಸಿದ್ದಾರೆ. ಎಕ್ಸ್‌ರೇಯಲ್ಲಿ ಇನ್ನೂ ಮಚ್ಚೆ ಇದೆ. ಹದಿನಾಲ್ಕು ದಿನದ ಕೋರ್ಸ್ ಮುಗಿಸಬೇಕಲ್ಲವೆ? ಖರ್ಚು ಉಳಿಸಲು ಹೀಗೆ ಮಾಡಿದರೆ ಎಂಬ ಅನುಮಾನ. (ಕುಶಾಲನಗರ)

ಉತ್ತರ: ಅನುಮಾನ ಬಿಡಿ. ಈ ಪರೀಕ್ಷೆಯ ನಿಜವಾದ ಉಪಯೋಗ ಇರುವುದೇ ಇಲ್ಲಿ. ಶುರು ಮಾಡಲು ಇದನ್ನು ನೆಚ್ಚಬಾರದು ಎಂದ ಅದೇ 2021ರ ಮಾರ್ಗಸೂಚಿ, ನಿಲ್ಲಿಸುವ ತೀರ್ಮಾನಕ್ಕೆ, ಎಷ್ಟು ದಿನ ಕೊಡಬೇಕೆಂಬುದು ಸ್ಪಷ್ಟವಿಲ್ಲದ ಕಡೆ, ರೋಗಿಯ ಸ್ಥಿತಿಯ ಜೊತೆಗೆ ಇದನ್ನೂ ಬಳಸಬಹುದು ಎನ್ನುತ್ತದೆ. ನೆದರ್ಲೆಂಡ್ಸ್‌ನ ಐಸಿಯುಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಕಿಯು ತನ್ನ ಶಿಖರದಿಂದ ಶೇ. 80ರಷ್ಟು ಇಳಿದಾಗ ಅಥವಾ 0.5ಕ್ಕೆ ಬಂದಾಗ ಔಷಧ ನಿಲ್ಲಿಸಲು ವೈದ್ಯರಿಗೆ ಸಲಹೆ ಕೊಡಲಾಯಿತು. ಆ ಗುಂಪಿನವರು ಮಧ್ಯಮ ಲೆಕ್ಕದಲ್ಲಿ 5 ದಿನ, ಎಂದಿನಂತೆ ಚಿಕಿತ್ಸೆ ಪಡೆದವರು 7 ದಿನ ಆ್ಯಂಟಿಬಯೋಟಿಕ್ ಪಡೆದರು. 28 ದಿನಗಳೊಳಗಿನ ಸಾವು ಮೊದಲ ಗುಂಪಿನಲ್ಲಿ ಹೆಚ್ಚಲಿಲ್ಲ, ಸುಮಾರು ಶೇ. 20ರಷ್ಟಿದ್ದು, ಇನ್ನೊಂದರ ಶೇ. 25ಕ್ಕಿಂತ ಕಡಿಮೆಯೇ ಇತ್ತು. 2024ರ ಕೊನೆಯಲ್ಲಿ ಬ್ರಿಟನ್ನಿನ 41 ಐಸಿಯುಗಳ 2760 ರೋಗಿಗಳ ಅಧ್ಯಯನವೂ ಇದೇ ದಿಕ್ಕಿನ ಫಲಿತಾಂಶ ಕೊಟ್ಟಿತು, ಆದರೆ ಉಳಿತಾಯ ಸಣ್ಣದು: ಪ್ರೊಕ್ಯಾಲ್ಸಿಟೋನಿನ್ ನೋಡಿದವರಲ್ಲಿ ಸರಾಸರಿ ಹತ್ತಿರ ಹತ್ತಿರ ಒಂದು ದಿನ ಕಡಿಮೆ, ಸಿಆರ್‌ಪಿ ನೋಡಿದವರಲ್ಲಿ ಗಣನೀಯ ವ್ಯತ್ಯಾಸವಿಲ್ಲ.

ತಮ್ಮ ಪತ್ನಿಯವರ 12ರ ಶೇ. 80 ಇಳಿಕೆ ಎಂದರೆ 2.4, ಅವರು ಅದನ್ನೂ ದಾಟಿ ಕೆಳಗೆ ಬಂದಿದ್ದಾರೆ. ಎಕ್ಸ್‌ರೇಯ ಮಚ್ಚೆ ಮಾಯಲು ವಾರಗಳೇ ಬೇಕಾಗುವುದರಿಂದ ಅದನ್ನು ಹಿಡಿದು ಔಷಧ ಮುಂದುವರಿಸುವ ಪದ್ಧತಿ ಇಲ್ಲ. ಬೇಕಿಲ್ಲದ ದಿನಗಳ ಆ್ಯಂಟಿಬಯೋಟಿಕ್ ಹೊಟ್ಟೆಯ ಸಹಜ ಬ್ಯಾಕ್ಟೀರಿಯಾಗಳನ್ನು ಕೊಂದು, ಯಾವ ಔಷಧಕ್ಕೂ ಬಗ್ಗದ ಕ್ಲೆಬ್ಸಿಯೆಲ್ಲಾದಂಥವಕ್ಕೆ ಜಾಗ ಬಿಟ್ಟುಕೊಡುತ್ತದೆ. ನಮ್ಮ ದೇಶದ ಐಸಿಯುಗಳಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವ ಭಯ ಅದೇ. ಈ ಇಳಿಕೆಯ ಲೆಕ್ಕವನ್ನು ಎಲ್ಲ ಸೋಂಕಿಗೂ ಹಾಕಲಾಗದು, ಹೃದಯದ ಕವಾಟದ ಸೋಂಕು, ಮೂಳೆಯ ಸೋಂಕು, ಬರಿದು ಮಾಡದ ಕೀವಿನ ಗಂಟು ಇವುಗಳಿಗೆ ವಾರಗಟ್ಟಲೆ ಔಷಧ ಬೇಕೇ ಬೇಕು.

ಪ್ರಶ್ನೆ: ವಿದೇಶದಲ್ಲಿ ಸೆಪ್ಸಿಸ್ ಪತ್ತೆಗೆ ಹೊಸ ಹೊಸ ರಕ್ತಪರೀಕ್ಷೆಗಳು ಬಂದಿವೆ ಎಂದು ಓದಿದೆ. ಒಂದೇ ಪರೀಕ್ಷೆಯಲ್ಲಿ ಹೌದು ಅಥವಾ ಅಲ್ಲ ಎಂದು ಹೇಳಬಲ್ಲದ್ದು ಯಾವುದಾದರೂ ಇದೆಯೆ? (ಸಿದ್ದಾಪುರ)

ಉತ್ತರ: ಇಲ್ಲ. ಹುಡುಕಾಟಕ್ಕೆ ಕೊರತೆಯಿಲ್ಲ. 2010ರ ಒಂದು ಸಮೀಕ್ಷೆ 178 ರಕ್ತಸೂಚಕಗಳನ್ನು ಪಟ್ಟಿಮಾಡಿತ್ತು, ಹತ್ತು ವರ್ಷದ ನಂತರ ಅದು 258 ಆಯಿತು. ಪ್ರಿಸೆಪ್ಸಿನ್, ಇಂಟರ್‌ಲ್ಯೂಕಿನ್-6, ಬಿಳಿರಕ್ತಕಣಗಳಲ್ಲಿ ಮಾನೊಸೈಟ್‌ಗಳ ಗಾತ್ರದ ಏರುಪೇರನ್ನು ಅಳೆಯುವ ಎಂಡಿಡಬ್ಲ್ಯು, ರೋಗಿಯ ಬಿಳಿರಕ್ತಕಣಗಳಲ್ಲಿ ಯಾವ ಜೀನ್‌ಗಳು ಎಚ್ಚೆತ್ತಿವೆ ಎಂದು ನೋಡುವ ಪರೀಕ್ಷೆಗಳು ಇವುಗಳಲ್ಲಿ ಮುಖ್ಯವಾದವು. ಎಂಡಿಡಬ್ಲ್ಯು ನನಗೆ ಕುತೂಹಲ ಹುಟ್ಟಿಸುತ್ತದೆ, ಏಕೆಂದರೆ ಅದಕ್ಕೆಂದೇ ಬೇರೆ ರಕ್ತ ತೆಗೆಯಬೇಕಾಗಿಲ್ಲ, ಸೂಕ್ತ ಯಂತ್ರವಿದ್ದರೆ ಸಾಮಾನ್ಯ ರಕ್ತಕಣ ಎಣಿಕೆಯ ಜೊತೆಗೇ ಬರುತ್ತದೆ.

ಒಂದು ಪರೀಕ್ಷೆ ಏಕೆ ಸಾಲದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಐಸಿಯು ರೋಗಿಗಳಲ್ಲಿ ಪ್ರೊಕ್ಯಾಲ್ಸಿಟೋನಿನ್ ಎಷ್ಟು ನಂಬಿಕೆಗೆ ಅರ್ಹ ಎಂದು 30 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೆಪ್ಸಿಸ್ ಇರುವ 100 ಮಂದಿಯಲ್ಲಿ 77 ಮಂದಿಯನ್ನು ಇದು ಹಿಡಿಯುತ್ತದೆ, ಇಲ್ಲದ 100 ಮಂದಿಯಲ್ಲಿ 79 ಮಂದಿಗೆ ಸರಿಯಾಗಿ ಇಲ್ಲವೆನ್ನುತ್ತದೆ. ಒಂದು ಐಸಿಯುವಿನ 100 ರೋಗಿಗಳಲ್ಲಿ 40 ಮಂದಿಗೆ ನಿಜವಾಗಿ ಸೆಪ್ಸಿಸ್ ಇದೆಯೆಂದುಕೊಳ್ಳಿ. ಪರೀಕ್ಷೆ ಅವರಲ್ಲಿ ಸುಮಾರು 31 ಮಂದಿಯನ್ನು ಹಿಡಿದು 9 ಮಂದಿಯನ್ನು ಬಿಟ್ಟುಬಿಡುತ್ತದೆ, ಜೊತೆಗೆ ಸೆಪ್ಸಿಸ್ ಇಲ್ಲದ 60 ಮಂದಿಯಲ್ಲಿ ಸುಮಾರು 13 ಮಂದಿಗೆ ಇದೆಯೆನ್ನುತ್ತದೆ. ಪಾಸಿಟಿವ್ ಬಂದ 44 ಮಂದಿಯಲ್ಲಿ 31 ಸರಿ. ಇದೇ ಪರೀಕ್ಷೆಯನ್ನು ಜ್ವರವೆಂದು ಹೊರರೋಗಿ ವಿಭಾಗಕ್ಕೆ ಬಂದ, 100ರಲ್ಲಿ 10 ಮಂದಿಗೆ ಮಾತ್ರ ಸೆಪ್ಸಿಸ್ ಇರುವ ಗುಂಪಿನ ಮೇಲೆ ಮಾಡಿದರೆ ಸರಿಯಾದ ಪಾಸಿಟಿವ್ 8, ತಪ್ಪು ಪಾಸಿಟಿವ್ 19. ಅಂದರೆ ಯಾರ ಮೇಲೆ ಮಾಡುತ್ತೇವೆ ಎಂಬುದರ ಮೇಲೆ ಅದೇ ಅಂಕಿಯ ಅರ್ಥ ಬದಲಾಗುತ್ತದೆ. ಇದಕ್ಕೆ ಇನ್ನೊಂದು ತೊಡಕೂ ಇದೆ: ಹೊಸ ಪರೀಕ್ಷೆಯನ್ನು ತಾಳೆ ನೋಡಲು ಸೆಪ್ಸಿಸ್‌ಗೆ ನಿರ್ವಿವಾದವಾದ ಅಳತೆಗೋಲೇ ಇಲ್ಲ, ಕೊನೆಗೆ ವೈದ್ಯರ ತೀರ್ಮಾನವನ್ನೇ ಅಳತೆಗೋಲಾಗಿ ಬಳಸಿ ಆ ತೀರ್ಮಾನಕ್ಕಿಂತ ಉತ್ತಮವಾದದ್ದನ್ನು ಹುಡುಕಬೇಕಾಗಿದೆ.

ಪ್ರಶ್ನೆ: ನಮ್ಮ ಊರಿನಿಂದ ದೊಡ್ಡಾಸ್ಪತ್ರೆಗೆ ಎರಡು ಗಂಟೆಗೂ ಹೆಚ್ಚಿನ ದಾರಿ, ಮಳೆಗಾಲದಲ್ಲಿ ಮರ ಬಿದ್ದರೆ ಇನ್ನೂ ತಡ. ಜ್ವರ ಬಂದಾಗಲೇ ಈ ಪರೀಕ್ಷೆಗಳನ್ನು ಇಲ್ಲಿಯೇ ಮಾಡಿಸಿಟ್ಟುಕೊಂಡರೆ ಒಳ್ಳೆಯದಲ್ಲವೆ? (ಪೊನ್ನಂಪೇಟೆ ತಾಲ್ಲೂಕು)

ಉತ್ತರ: ಪರೀಕ್ಷೆಗೆಂದು ಕಾಯುವ ಹೊತ್ತನ್ನು ದಾರಿಗೆ ಕೊಡಿ. ಜ್ವರವಿರುವವರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಮಾತು ತಡವರಿಸಿ ದಿನ, ಜನ ಗುರುತು ತಪ್ಪುತ್ತಿದ್ದರೆ, ಬಿಪಿ ಮೇಲಿನ ಅಂಕಿ 100 ಅಥವಾ ಕೆಳಗಿದ್ದರೆ, ಬೆಳಿಗ್ಗೆಯಿಂದ ಮೂತ್ರವಾಗಿಲ್ಲವೆಂದರೆ, ಕೈಕಾಲು ತಣ್ಣಗಾಗಿ ಮೊಣಕಾಲಿನ ಸುತ್ತ ಚರ್ಮ ನೀಲಿಗಟ್ಟಿ ಮಚ್ಚೆಮಚ್ಚೆಯಾಗಿದ್ದರೆ 108ಕ್ಕೆ ಕರೆಮಾಡಿ ಹೊರಡಬೇಕು. ಇವೆಲ್ಲವೂ ಸೇರಿ ಬರಬೇಕೆಂದಿಲ್ಲ, ಒಂದಿದ್ದರೂ ಸಾಕು. ವಯಸ್ಸಾದವರಲ್ಲಿ ಜ್ವರವೇ ಬಾರದೆ, ಮೈ ತಣ್ಣಗಾಗಿ, ಮಂಕು ಕವಿದದ್ದಷ್ಟೇ ಲಕ್ಷಣವಾಗಿರಬಹುದು. ಎದೆಗೆ ಕೈಯಿಟ್ಟು ಗಡಿಯಾರ ನೋಡಿ ಪೂರಾ ಒಂದು ನಿಮಿಷ ಉಸಿರೆಣಿಸುವುದನ್ನು ಮನೆಯಲ್ಲಿ ಒಬ್ಬರಾದರೂ ಕಲಿತಿರಲಿ.

ದಾರಿಯಲ್ಲಿ ಸಿಗುವ ಮೊದಲ ಆಸ್ಪತ್ರೆಯಲ್ಲಿ ಡ್ರಿಪ್ ಮತ್ತು ಮೊದಲ ಡೋಸು ಹಾಕಿಸಿಕೊಂಡು ಮುಂದೆ ಹೋಗುವುದೇ ಹೆಚ್ಚಿನ ಸಂದರ್ಭಗಳಲ್ಲಿ ಸರಿ, ಅಲ್ಲಿ ಕಲ್ಚರ್ ಬಾಟಲಿ ಇದ್ದರೆ ಡೋಸಿಗೆ ಮುಂಚೆ ರಕ್ತ ತೆಗೆಸಿಕೊಳ್ಳಿ, ಇಲ್ಲದಿದ್ದರೆ ಬಾಟಲಿಗಾಗಿ ಡೋಸನ್ನು ತಡಮಾಡಬೇಡಿ. ಹೊರಡುವಾಗ ಒಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕಾದದ್ದು ಇಷ್ಟು: ಯಾವ ಆ್ಯಂಟಿಬಯೋಟಿಕ್, ಎಷ್ಟು ಗಂಟೆಗೆ ಕೊಟ್ಟರು, ರಕ್ತವನ್ನು ಅದಕ್ಕೆ ಮೊದಲೋ ನಂತರವೋ ತೆಗೆದದ್ದು, ಎಷ್ಟು ಡ್ರಿಪ್ ಹೋಯಿತು, ಕೊನೆಯ ಸಲ ಮೂತ್ರವಾದದ್ದು ಯಾವಾಗ, ಯಾವ ಔಷಧ ಆಗದು, ಮತ್ತು ಕಳೆದ ಎರಡು ವಾರಗಳಲ್ಲಿ ಗದ್ದೆ, ತೋಟ, ಕಾಡಿನಲ್ಲಿ ಏನು ಕೆಲಸ ಮಾಡಿದ್ದರು.